ಲಿವರ್‌ಗೆ ವೈರಸ್ ಬಂದರೆ ಬಟ್ಟಲಿನ ಮೇಲೆ ಯಾಕೆ ಸಿಟ್ಟು?

ಕಳೆದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯ ಪ್ರಶ್ನೆಗಳ ನಡುವೆ ಹೆಪಟೈಟಿಸ್ ಬಿ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಒಂದೆರಡು ಬಿಟ್ಟರೆ ಎಲ್ಲರೂ "ಹೆಸರು ಹಾಕಬೇಡಿ" ಅಂತ ಅಡಿಗೆರೆ ಎಳೆದು ಬರೆದಿದ್ದಾರೆ. ಹಾಕುವುದಿಲ್ಲ. ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ, ಪೂರ್ತಿ ಅಂಕಣ ಲಿವರ್‌ಗೆ.

ಪ್ರಶ್ನೆ: ನನ್ನ ಗಂಡನಿಗೆ 38 ವರ್ಷ. ಊರಿನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟ ಮೇಲೆ ಫೋನ್ ಬಂತು, ಹೆಪಟೈಟಿಸ್ ಬಿ ಪಾಸಿಟಿವ್ ಅಂತ. ಮಂಗಳೂರಿನಲ್ಲಿ ತೋರಿಸಿದೆವು. ಲಿವರ್ ಚೆನ್ನಾಗಿದೆ, ಈಗಲೇ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬಂದು ಟೆಸ್ಟ್ ಮಾಡಿಸಿ ಎಂದರು. ಮನೆಗೆ ಬಂದದ್ದೇ ಅತ್ತೆ ಪಥ್ಯ ಶುರು ಮಾಡಿದರು. ಮೀನಿಲ್ಲ, ಎಣ್ಣೆಯಿಲ್ಲ, ತೆಂಗಿನಕಾಯಿಯಿಲ್ಲ, ಅರಸಿನವಂತೂ ಕಣ್ಣಿಗೇ ಬೀಳಬಾರದು. ಮೂರು ಹೊತ್ತೂ ಗಂಜಿ, ಸ್ವಲ್ಪ ಉಪ್ಪಿನಕಾಯಿ ರಸ. ಬಟ್ಟಲು, ಲೋಟ ಎಲ್ಲ ಬೇರೆ. ನಾಲ್ಕು ತಿಂಗಳಲ್ಲಿ 7 ಕಿಲೋ ಇಳಿದಿದ್ದಾರೆ. ಏನು ಕೊಡಲಿ ಮೇಡಂ?
— ಓದುಗರೊಬ್ಬರು, ಬಂಟ್ವಾಳ

ಉತ್ತರ: ಇವತ್ತು ರಾತ್ರಿ ಬಂಗುಡೆ ಪುಳಿಮುಂಚಿ ಮಾಡಿ. ತಮಾಷೆಗೆ ಹೇಳುತ್ತಿಲ್ಲ.

ಅತ್ತೆಯವರ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ನೋಡೋಣ, ಯಾಕಂದರೆ ಅದು ಪೂರ್ತಿ ಸುಳ್ಳಲ್ಲ. ಲಿವರ್‌ಗೆ ಬರುವ ವೈರಸ್‌ಗಳಲ್ಲಿ ಎ ಮತ್ತು ಇ ಅಂತ ಎರಡಿವೆ. ಕೊಳಕು ನೀರಿನಿಂದ, ಕೊಳಕು ಆಹಾರದಿಂದ ಬರುತ್ತವೆ, ಕಣ್ಣು ಹಳದಿ ಮಾಡುತ್ತವೆ, ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾವಾಗಿಯೇ ಹೋಗುತ್ತವೆ. ನಮ್ಮ ಅಜ್ಜಿಯಂದಿರು ಕಂಡ ಕಾಮಾಲೆ ಹೆಚ್ಚಾಗಿ ಇದೇ. ಆಗ ಊಟ ಕಂಡರೆ ವಾಕರಿಕೆ, ಒಗ್ಗರಣೆಯ ವಾಸನೆಯೂ ಆಗುವುದಿಲ್ಲ, ಹಾಗಾಗಿ ನಾಲ್ಕು ದಿನ ಗಂಜಿ ಕುಡಿಸಿದ್ದು ಸರಿಯೇ. ಕಾಯಿಲೆ ತನ್ನಷ್ಟಕ್ಕೆ ಹೋಯಿತು, ಹೆಸರು ಗಂಜಿಗೆ ಬಂತು.

ಬಿ ಮತ್ತು ಸಿ ಬೇರೆ ಜಾತಿ. ಅವು ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ. ಒಳಗೆ ಸೇರಿದ ಮೇಲೆ ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರುತ್ತವೆ. ನಿಮ್ಮ ಯಜಮಾನರಿಗೆ ಅದು ಹುಟ್ಟುವಾಗಲೇ ಬಂದಿರಬಹುದು. ಬಿ ವೈರಸ್ ಕೂಸಿಗೆ ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಕಾಯಂ ಆಗಿ ಉಳಿಯುತ್ತದೆ. ಅದೇ ದೊಡ್ಡವರಿಗೆ ತಗುಲಿದರೆ 100ರಲ್ಲಿ 5 ಜನರಲ್ಲೂ ಉಳಿಯುವುದಿಲ್ಲ. ಹಾಗಾಗಿ "ಎಲ್ಲಿಂದ ತಂದೆ" ಅಂತ ಮನೆಯಲ್ಲಿ ವಿಚಾರಣೆ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಿ. ಅತ್ತೆಯವರೂ ಒಮ್ಮೆ ಟೆಸ್ಟ್ ಮಾಡಿಸಿಕೊಳ್ಳಲಿ, ನಯವಾಗಿ ಹೇಳಿ.

ಈ ವೈರಸ್ಸನ್ನು ಗಂಜಿ ಕುಡಿಸಿ ಸೋಲಿಸಲು ಆಗುವುದಿಲ್ಲ. ಅದಕ್ಕೆ ನೀವು ಮೀನು ತಿಂದರೂ ಒಂದೇ, ಉಪ್ಪಿನಕಾಯಿ ನೆಕ್ಕಿದರೂ ಒಂದೇ. ಸೋಲುವುದು ಮನುಷ್ಯ. ದಿನವಿಡೀ ಬರೀ ಗಂಜಿ ಅಂದರೆ ಹಿಟ್ಟು ಮತ್ತು ನೀರು, ಮೇಲೆ ಉಪ್ಪು. ಲಿವರ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕಾದರೆ ಪ್ರೋಟೀನ್ ಬೇಕು, ಅದು ಉಪ್ಪಿನಕಾಯಿ ರಸದಲ್ಲಿ ಇಲ್ಲ.

ಲಿವರ್ ಇನ್ನೂ ಗಟ್ಟಿಯಾಗಿಲ್ಲ, ಅಂದರೆ ಸಿರೋಸಿಸ್ ಇಲ್ಲ ಅಂತಾದರೆ ಹೆಪಟೈಟಿಸ್ ಬಿ ಇದ್ದವರಿಗೆ ಪ್ರತ್ಯೇಕ ಊಟ ಅಂತ ಯಾವುದೂ ಇಲ್ಲ. ಮನೆಮಂದಿ ತಿನ್ನುವುದನ್ನೇ ತಿನ್ನಲಿ. ಕುಚ್ಚಲಕ್ಕಿ ಅನ್ನ, ಬಸಳೆಯದೋ ಹರಿವೆಯದೋ ಪದಾರ್ಥ, ಹೆಸರು, ಮೊಟ್ಟೆ, ಬೂತಾಯಿ, ಬಂಗುಡೆ. 100 ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್ ಇದೆ. ಅಂಜಲ್‌ಗೆ ದುಡ್ಡು ಸುರಿಯಬೇಕಾಗಿಲ್ಲ. ತವಾ ಫ್ರೈ ದಿನಾ ಬೇಡ, ಗಸಿ ಮಾಡುವಾಗ ಒಂದು ಇಡೀ ತೆಂಗಿನಕಾಯಿ ಕಡೆಯುವಲ್ಲಿ ಅರ್ಧ ಕಡೆಯಿರಿ, ಅಷ್ಟು ಸಾಕು. ಅರಸಿನವನ್ನು ಯಾಕೆ ಬಿಡಿಸುತ್ತಾರೆ ಅಂದರೆ ಅದು ಹಳದಿ, ಕಾಮಾಲೆಯೂ ಹಳದಿ, ಬೇರೆ ಕಾರಣ ಏನೂ ಇಲ್ಲ. ಸಾರಿಗೆ ಹಾಕುವ ಚಿಟಿಕೆ ಅರಸಿನದಿಂದ ಏನೂ ಆಗುವುದಿಲ್ಲ. ಮಾತ್ರೆಯ ರೂಪದಲ್ಲಿ, ಕರಿಮೆಣಸಿನ ಸತ್ವ ಸೇರಿಸಿ ಮಾರುವ ಅರಸಿನದ ಕ್ಯಾಪ್ಸೂಲ್ ಬೇಡ. ಅದರಿಂದ ಲಿವರ್ ಕೆಟ್ಟ ಉದಾಹರಣೆಗಳಿವೆ.

ಇನ್ನು ಬಟ್ಟಲು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೇಸರ ಮಾಡಿದ್ದು ಅದೇ. ಹೆಪಟೈಟಿಸ್ ಬಿ ಒಂದೇ ಬಟ್ಟಲಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಮಕ್ಕಳನ್ನು ತಬ್ಬಿಕೊಂಡರೆ ಹರಡುವುದಿಲ್ಲ. ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ಮನೆಯ ಉಳಿದವರಿಗೆ ರಕ್ಷಣೆ ಕೊಡುವುದು ಲಸಿಕೆ. ನಮ್ಮ ದೇಶದಲ್ಲಿ ಎಲ್ಲ ಮಕ್ಕಳಿಗೂ ಈ ಲಸಿಕೆ ಸಿಗುವಂತಾದದ್ದು 2011ರಿಂದ, ಹಾಗಾಗಿ ನಿಮ್ಮ ಪ್ರಾಯದವರಲ್ಲಿ ತುಂಬಾ ಜನ ತಗೊಂಡಿರುವುದೇ ಇಲ್ಲ. ಮೊದಲು ಟೆಸ್ಟ್, ನೆಗೆಟಿವ್ ಬಂದರೆ ಮೂರು ಡೋಸ್: ಇವತ್ತು ಒಂದು, ತಿಂಗಳ ನಂತರ ಒಂದು, ಆರನೇ ತಿಂಗಳಿಗೆ ಒಂದು. ನೀವು ಮೊದಲು ಮಾಡಿಸಿಕೊಳ್ಳಿ. ಮದುವೆಯಾದವರ ನಡುವೆ ಹರಡುವ ದಾರಿ ಊಟದ ಕೋಣೆಯಲ್ಲಿ ಇಲ್ಲ ಅಲ್ವಾ?

7 ಕಿಲೋ ಇಳಿದದ್ದು ಗಂಜಿಯಿಂದಲೇ ಇರಬಹುದು, ಆದರೆ ಇಲ್ಲಿ ಕೂತು ನಾನು ಹಾಗೆ ಹೇಳಲಾರೆ. ಆರು ತಿಂಗಳು ಆಗಲಿ ಅಂತ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ಹೆಪಟೈಟಿಸ್ ಬಿಗೆ ಎರಡು ವರ್ಷದಿಂದ ಟೆನೊಫೊವಿರ್ ಮಾತ್ರೆ ತಿನ್ನುತ್ತಿದ್ದೆ. ಗೊತ್ತಿದ್ದವರೊಬ್ಬರು ನೆಲನೆಲ್ಲಿ ರಸ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದರೆ ವೈರಸ್ ಬೇರುಸಹಿತ ಹೋಗುತ್ತದೆ ಎಂದರು. ಜೊತೆಗೆ ಅಮೃತಬಳ್ಳಿ ಕಷಾಯ. ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದೇನೆ, ಆರಾಮ ಇದ್ದೇನೆ. ತೋಟದಲ್ಲೇ ಸಿಗುತ್ತದೆ, ಖರ್ಚಿಲ್ಲ. ಮುಂದುವರಿಸಬಹುದೇ?
— ಅಡಿಕೆ ಕೃಷಿಕರು, ಬೆಳ್ತಂಗಡಿ

ಉತ್ತರ: ಅಣ್ಣ, ಈ ಪತ್ರಿಕೆ ಕೆಳಗಿಟ್ಟು ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಟೆನೊಫೊವಿರ್ ವೈರಸ್ಸನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ಒತ್ತಿ ಹಿಡಿಯುತ್ತದೆ. ಕೈ ತೆಗೆದರೆ ಎದ್ದು ಕೂರುತ್ತದೆ. ಮಾತ್ರೆ ತಟ್ಟನೆ ಬಿಟ್ಟವರಲ್ಲಿ ಕೆಲವು ವಾರ, ಕೆಲವು ತಿಂಗಳು ಏನೂ ಗೊತ್ತಾಗದೆ ಆಮೇಲೆ ಒಮ್ಮೆಲೇ ಲಿವರ್ ಉರಿ ಏರಿ ಆಸ್ಪತ್ರೆ ಸೇರಿದವರು ಇದ್ದಾರೆ, ಕೆಲವರು ಮನೆಗೆ ವಾಪಸು ಬಂದಿಲ್ಲ. "ಆರಾಮ ಇದ್ದೇನೆ" ಅನ್ನುವುದು ಲಿವರ್ ವಿಷಯದಲ್ಲಿ ಸಾಕ್ಷಿಯೇ ಅಲ್ಲ. ಅದು ಮುಕ್ಕಾಲು ಪಾಲು ಹಾಳಾದರೂ ಬಾಯಿ ಬಿಡದ ಪಾಪದ ಅಂಗ.

ನೆಲನೆಲ್ಲಿಯ ಕಥೆ ಮಾತ್ರ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನು ಮೊದಲು ಕಂಡುಹಿಡಿದವರು ಬರೂಕ್ ಬ್ಲುಂಬರ್ಗ್. ಅದಕ್ಕೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನ ಅಂತ ಆಚರಿಸುತ್ತಾರೆ. ಅದೇ ಬ್ಲುಂಬರ್ಗ್ ಚೆನ್ನೈಯ ವೈದ್ಯ ವಿಜ್ಞಾನಿಗಳ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷೆ ಮಾಡಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: 37 ಮಂದಿಯಲ್ಲಿ 22 ಮಂದಿಗೆ ವೈರಸ್ಸಿನ ಗುರುತು ರಕ್ತದಿಂದ ಮಾಯ. ಜಗತ್ತೇ ಕಣ್ಣರಳಿಸಿತು. ಆಮೇಲೆ ಬೇರೆ ಕಡೆ ಅದೇ ಪ್ರಯೋಗ ಮಾಡಿ ನೋಡಿದರೆ ಆ ಫಲಿತಾಂಶ ಸಿಗಲೇ ಇಲ್ಲ. ಯಾರೂ ಅದನ್ನು ಗುಡ್ಡದ ಗಿಡ ಅಂತ ತಾತ್ಸಾರ ಮಾಡಿದ್ದಲ್ಲ, ನೊಬೆಲ್ ಬಂದ ಮನುಷ್ಯನೇ ಆಸೆಯಿಂದ ನೋಡಿದ ಗಿಡ ಅದು. ಆಗಲಿಲ್ಲ.

ಅಮೃತಬಳ್ಳಿ ಬಗ್ಗೆ ಇನ್ನೂ ಎಚ್ಚರ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿ ಕುಡಿದರಲ್ಲ, 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದ ಮೇಲೆ ಲಿವರ್ ಊದಿಕೊಂಡ ರೋಗಿಗಳ ಬಗ್ಗೆ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ಆ ವಾದ ಅವರು ಮಾಡಿಕೊಳ್ಳಲಿ. ಮೊದಲೇ ವೈರಸ್ ಇರುವ ಲಿವರ್‌ಗೆ ಅದನ್ನು ಹಾಕಿ ಪ್ರಯೋಗ ಮಾಡುವ ಗ್ರಹಚಾರ ನಿಮಗೆ ಯಾಕೆ?

ಖರ್ಚಿನ ಮಾತು ಬಂತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ಮಂಗಳೂರಿನವರು ವೆನ್ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಶ್ನೆ: ಅಮ್ಮನಿಗೆ 64. ನಿವೃತ್ತ ಟೀಚರ್, ಸಸ್ಯಾಹಾರಿ, ತೂಕ 50 ಕಿಲೋ. ಹೆಪಟೈಟಿಸ್ ಸಿ ಇತ್ತು, ಮಾತ್ರೆ ತಗೊಂಡು ವೈರಸ್ ಹೋಗಿದೆ. ಆದರೆ ಅಷ್ಟರಲ್ಲಿ ಸಿರೋಸಿಸ್ ಆಗಿತ್ತು. ಹೊಟ್ಟೆಯಲ್ಲಿ ಸ್ವಲ್ಪ ನೀರು ತುಂಬುತ್ತದೆ, ಅದಕ್ಕೆ ಮಾತ್ರೆ ಇದೆ. ಬಂಧುಗಳು ಬೇಳೆ, ಹಾಲು ಕೊಡಬೇಡಿ, ತಲೆಗೆ ಏರುತ್ತದೆ ಅನ್ನುತ್ತಾರೆ. ಅಮ್ಮ ಏಕಾದಶಿ ಬಿಡುವುದಿಲ್ಲ, ನೀರೂ ಮುಟ್ಟುವುದಿಲ್ಲ. ಉಪ್ಪು ಕಮ್ಮಿ ಅಂದರೆ ಎಷ್ಟು ಕಮ್ಮಿ? ಸ್ವಲ್ಪ ವಿವರವಾಗಿ ಬರೆಯಿರಿ.
— ಮಗಳು, ಉಡುಪಿ

ಉತ್ತರ: ಬರೆಯುತ್ತೇನೆ, ಯಾಕಂದರೆ ಊಟ ನಿಜವಾಗಿ ಔಷಧದಷ್ಟೇ ಕೆಲಸ ಮಾಡುವುದು ಈ ಹಂತದಲ್ಲಿ. ಮೊದಲ ಪತ್ರದ ಮನೆಯಲ್ಲಿ ಬೇಡದ ಪಥ್ಯ ಮಾಡುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಬೇಕಾದ ಪಥ್ಯ ಬಿಟ್ಟು ಬೇರೆ ಯಾವುದೋ ಹೇಳುತ್ತಿದ್ದಾರೆ.

ಬೇಳೆ, ಹಾಲು ಕೊಡಬೇಡಿ ಅನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ನಾನೇ ಹೇಳಿದ್ದೇನೆ. ಡಯಟಿಷಿಯನ್ ಆಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಸಿರೋಸಿಸ್ ರೋಗಿಗೆ ಮಂಪರು ಬಂದರೆ ಪ್ರೋಟೀನ್ ಕಟ್. ಚೀಟಿಯಲ್ಲಿ ಬರೆದು ಕೊಡುತ್ತಿದ್ದೆವು. ರೋಗಿಯ ಭುಜ, ತೊಡೆ ತಿಂಗಳು ತಿಂಗಳೂ ಸೊರಗುವುದು ಕಣ್ಣಿಗೆ ಕಾಣುತ್ತಿತ್ತು, ಕಾಯಿಲೆಯೇ ಹಾಗೆ ಅಂದುಕೊಂಡಿದ್ದೆವು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಅಂಥ ರೋಗಿಗಳಿಗೆ ಪ್ರೋಟೀನ್ ಕಮ್ಮಿ ಕೊಟ್ಟೂ ನೋಡಿದರು, ಸರಿಯಾದಷ್ಟು ಕೊಟ್ಟೂ ನೋಡಿದರು. ಕಟ್ ಮಾಡಿದ್ದರಿಂದ ಮಂಪರಿಗೆ ಏನೂ ಲಾಭವಾಗಲಿಲ್ಲ, ಮೈಯ ಮಾಂಸ ಮಾತ್ರ ಕರಗಿತು. ತಲೆಗೆ ಏರಿ ಮಂಪರು ತರುವುದರಲ್ಲಿ ಮುಖ್ಯವಾದದ್ದು ರಕ್ತದ ಅಮೋನಿಯಾ, ಲಿವರ್‌ನಂತೆ ಮಾಂಸಖಂಡವೂ ಅದನ್ನು ಹೀರಿಕೊಳ್ಳುತ್ತದೆ. ಮಾಂಸಖಂಡ ಕರಗಿದಷ್ಟೂ ತಲೆಗೆ ಏರುವುದು ಜಾಸ್ತಿ. ನಾವು ಮಾಡುತ್ತಿದ್ದದ್ದು ಉಲ್ಟಾ.

ಈಗಿನ ಲೆಕ್ಕ ಹೀಗಿದೆ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅಮ್ಮನಿಗೆ 60ರಿಂದ 75 ಗ್ರಾಂ. (50 ಕಿಲೋದಲ್ಲಿ ಹೊಟ್ಟೆಯ ನೀರಿನ ತೂಕವೂ ಇರುತ್ತದೆ, ಸರಿಯಾದ ತೂಕ ಡಾಕ್ಟರನ್ನು ಕೇಳಿ.) ಸಸ್ಯಾಹಾರಿ ಅಂದದ್ದು ಇಲ್ಲಿ ಒಳ್ಳೆಯದೇ ಆಯಿತು, ಬೇಳೆಕಾಳು ಮತ್ತು ಹಾಲು ಮೊಸರಿನ ಪ್ರೋಟೀನ್ ಇಂಥವರಿಗೆ ಮಾಂಸದ್ದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ದಿನದ ಮೇಲೆ 100 ಗ್ರಾಂ ಬೇಳೆಕಾಳು, ಒಂದು ಹಿಡಿ ನೆಲಗಡಲೆ, ಇದಕ್ಕೆ ಅನ್ನದಲ್ಲಿ ಬರುವುದೂ ಸೇರಿದರೆ 60 ದಾಟುತ್ತದೆ. ಬೆಳಿಗ್ಗೆ ಬರೀ ನೀರ್‌ದೋಸೆ ಬೇಡ, ಉದ್ದು ಸೇರಿದ ಇಡ್ಲಿಯೋ ಹೆಸರುಬೇಳೆ ದೋಸೆಯೋ ಮಾಡಿ. ಮಧ್ಯಾಹ್ನ ತೊವ್ವೆ ನೀರಾಗಿ ಬೇಡ, ದಪ್ಪ ಇರಲಿ.

ಇನ್ನೊಂದು ಮುಖ್ಯ ಸಂಗತಿ, ಹೊತ್ತು. ಒಳ್ಳೆಯ ಲಿವರ್ ರಾತ್ರಿಗೆ ಬೇಕಾದ ಸಕ್ಕರೆಯನ್ನು ಹಗಲೇ ಕೂಡಿಟ್ಟುಕೊಳ್ಳುತ್ತದೆ. ಸಿರೋಸಿಸ್ ಆದ ಲಿವರ್‌ಗೆ ಆ ಉಗ್ರಾಣವೇ ಇಲ್ಲ. ಹಾಗಾಗಿ ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದರೆ, ಅವರ ಮೈಗೆ ಅದು ನಾವು ಎರಡು ಮೂರು ದಿನ ಉಪವಾಸ ಬಿದ್ದಷ್ಟು. ಮೈ ತನ್ನದೇ ಮಾಂಸ ಕರಗಿಸಿ ರಾತ್ರಿ ಕಳೆಯುತ್ತದೆ. ಅದಕ್ಕೇ ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು, ಸುಮಾರು 200 ಕ್ಯಾಲೊರಿಯಷ್ಟು. ಒಂದು ಲೋಟ ಹಾಲಿಗೆ ಎರಡು ಹಿಡಿ ಅವಲಕ್ಕಿ ಹಾಕಿ ಕೊಡಿ, ಮುಗಿಯಿತು. ಹಗಲೂ ಅಷ್ಟೇ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ.

ಏಕಾದಶಿಗೆ ಉತ್ತರ ಇದರಲ್ಲೇ ಬಂತು. ಇಡೀ ದಿನ ನೀರೂ ಇಲ್ಲದ ಉಪವಾಸ ಅಮ್ಮನ ಲಿವರ್ ತಡೆಯುವುದಿಲ್ಲ. ಉಡುಪಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ಗೊತ್ತು, ನಮ್ಮ ಮನೆಯಲ್ಲೂ ಹೇಳಿ ಬೈಸಿಕೊಂಡವಳೇ. ರೋಗಿಗಳಿಗೆ, ಮಕ್ಕಳಿಗೆ, ವೃದ್ಧರಿಗೆ ವ್ರತದಲ್ಲಿ ವಿನಾಯಿತಿ ಇದ್ದೇ ಇದೆ. ನಾನು ಹೇಳಿದರೆ ಕೇಳುವುದಿಲ್ಲ, ಅವರು ನಂಬುವ ಆಚಾರ್ಯರ ಬಾಯಿಂದಲೇ ಹೇಳಿಸಿ. ಹಾಲು, ಹಣ್ಣಿನ ಫಲಾಹಾರಕ್ಕೆ ಒಪ್ಪಿದರೂ ದೊಡ್ಡದು.

ಉಪ್ಪು. ಹೊಟ್ಟೆಯಲ್ಲಿ ನೀರು ತುಂಬುವವರಿಗೆ ದಿನಕ್ಕೆ ಎಲ್ಲ ಸೇರಿ ಸುಮಾರು 5 ಗ್ರಾಂ, ಒಂದು ಚಹಾ ಚಮಚ, ಅಷ್ಟೇ. ಬೆಳಿಗ್ಗೆ ಅಮ್ಮನ ಪಾಲಿನ ಒಂದು ಚಮಚ ಉಪ್ಪನ್ನು ಪುಟ್ಟ ಡಬ್ಬಿಯಲ್ಲಿ ತೆಗೆದಿಡಿ, ದಿನವಿಡೀ ಅವರ ಅಡುಗೆಗೆ ಅದರಿಂದಲೇ ಹಾಕಿ. ಉಪ್ಪಿನಕಾಯಿ, ಹಪ್ಪಳ, ಬಾಳಕ, ಉಪ್ಪುಸೊಳೆ ಈ ಲೆಕ್ಕದಲ್ಲಿ ಹಿಡಿಯುವುದೇ ಇಲ್ಲ, ಬಿಡಬೇಕು. (ಮೀನು ತಿನ್ನುವವರು ಒಣಮೀನನ್ನು ಇದೇ ಸಾಲಿಗೆ ಸೇರಿಸಿಕೊಳ್ಳಿ.) ಸಪ್ಪೆ ಅಂತ ಬಟ್ಟಲು ದೂಡಿದರೆ ಲಿಂಬೆ, ಶುಂಠಿ, ಗಾಂಧಾರಿ ಮೆಣಸು, ಪುನರ್ಪುಳಿ ಸಾರು ಕೈ ಹಿಡಿಯುತ್ತವೆ. ಸಪ್ಪೆ ಅಂತ ಊಟವನ್ನೇ ಬಿಟ್ಟರೆ ಉಪ್ಪು ಕಮ್ಮಿ ಮಾಡಿದ ಲಾಭಕ್ಕಿಂತ ನಷ್ಟ ಜಾಸ್ತಿ, ಆಗ ಸ್ವಲ್ಪ ಸಡಿಲ ಬಿಡಿ.

ಒಂದು ಬಲೆ ಇದೆ. "ಸೋಡಿಯಂ ಕಮ್ಮಿ ಇರುವ ಉಪ್ಪು" ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ಎಳನೀರೂ ಹಾಗೆಯೇ, ಆರೋಗ್ಯಕ್ಕೆ ಒಳ್ಳೆಯದು ಅಂತ ನೋಡಲು ಬಂದವರೆಲ್ಲ ನಾಲ್ಕು ನಾಲ್ಕು ತಂದು ಇಳಿಸುತ್ತಾರೆ. ಅಮ್ಮನ ಮಾತ್ರೆಯ ಹೆಸರು ನೋಡಿ, ಡಾಕ್ಟರನ್ನು ಕೇಳಿಯೇ ಕೊಡಿ.

ಅಮ್ಮ ಟೀಚರ್ ಆಗಿದ್ದವರು, ಅಕ್ಷರ ಚೆನ್ನಾಗಿರಬೇಕು. ದಿನಾ ಒಂದು ಸಾಲು ಬರೆಯಲು ಹೇಳಿ. ಅಕ್ಷರ ಸೊಟ್ಟಗಾದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಶುರುವಾದರೆ, ಮಲಬದ್ಧತೆ ಆದರೆ ತಡಮಾಡದೆ ಕರಕೊಂಡು ಹೋಗಿ. ವೈರಸ್ ಹೋಯಿತು ಅಂತ ಆರು ತಿಂಗಳ ಸ್ಕ್ಯಾನಿಂಗ್ ಬಿಡಬೇಡಿ, ಸಿರೋಸಿಸ್ ಆದ ಲಿವರ್‌ನಲ್ಲಿ ಕ್ಯಾನ್ಸರ್ ಭಯ ಉಳಿದೇ ಇರುತ್ತದೆ.

ಪ್ರಶ್ನೆ: ನಾನು ಬೋಟಿನಲ್ಲಿ ಕೆಲಸ ಮಾಡುವವನು. ಹೆಪಟೈಟಿಸ್ ಬಿ ಇದೆ, ಲಿವರ್ ಸ್ವಲ್ಪ ಗಟ್ಟಿಯಾಗಿದೆ ಎಂದಿದ್ದಾರೆ. ವಿಸ್ಕಿ, ಬ್ರಾಂಡಿ ಪೂರ್ತಿ ಬಿಟ್ಟಿದ್ದೇನೆ. ಕಳ್ಳು ಮರದಿಂದ ಬರುವುದಲ್ವಾ, ಅದು ಪರವಾಗಿಲ್ಲವಾ? ಮರುವಾಯಿ ತಿನ್ನಬಹುದಾ?
— ಮಲ್ಪೆ

ಉತ್ತರ: ವಿಸ್ಕಿ ಬಿಟ್ಟದ್ದಕ್ಕೆ ಶಹಬ್ಬಾಸ್. ಕಳ್ಳೂ ಬಿಡಿ. ಮರದಿಂದ ಇಳಿಸಿದ ಗಳಿಗೆಯಿಂದಲೇ ಅದು ಹುಳಿಯಲು ಶುರು, ಸಾಯಂಕಾಲಕ್ಕೆ ಬಿಯರ್‌ಗೆ ಏನೂ ಕಮ್ಮಿ ಇಲ್ಲ. ನಿಮ್ಮ ಲಿವರ್‌ಗೆ ಆಲ್ಕೋಹಾಲ್ ಮರದಿಂದ ಬಂತೋ ಬಾಟ್ಲಿಯಿಂದ ಬಂತೋ ಗೊತ್ತಾಗುವುದಿಲ್ಲ. ಬಿ ಇರಲಿ ಸಿ ಇರಲಿ, ಊಟದ ವಿಷಯದಲ್ಲಿ ನಾನು ಖಡಾಖಂಡಿತ "ಇಲ್ಲ" ಅನ್ನುವುದು ಇದೊಂದಕ್ಕೇ. ವಾರಕ್ಕೊಮ್ಮೆಯೂ ಇಲ್ಲ, ಕೋಲದ ದಿನವೂ ಇಲ್ಲ.

ಮರುವಾಯಿ ತಿನ್ನಿ, ಆದರೆ ಸರಿಯಾಗಿ ಬೇಯಬೇಕು. ಬಾಯಿ ತೆರೆದ ಮೇಲೂ ನಾಲ್ಕೈದು ನಿಮಿಷ ಕುದಿಯಲಿ, ಬೇಯಿಸಿದರೂ ಬಾಯಿ ಬಿಡದ್ದನ್ನು ಎಸೆಯಿರಿ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಚಿಪ್ಪುಮೀನಿನೊಳಗೆ ಸೇರಿಕೊಳ್ಳುತ್ತದೆ. ಅದನ್ನು ತಿಂದ ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಹೊಟ್ಟೆ ಕೆಡಿಸಬಹುದು, ಲಿವರ್ ಗಟ್ಟಿಯಾದವರ ರಕ್ತಕ್ಕೆ ಹೊಕ್ಕರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ಅದು ಗಾಯದಿಂದಲೂ ಹೊಗುತ್ತದೆ, ನಿಮಗೆ ಇದು ಮರುವಾಯಿಗಿಂತ ಮುಖ್ಯ. ಬಲೆ ಎಳೆಯುವಾಗ ಮುಳ್ಳು ಚುಚ್ಚಿ ಕೈ ಕಾಲು ಊದಿ ಕೆಂಪಾದರೆ, ಜ್ವರ ಬಂದರೆ, ಕಡಲಿನವರಿಗೆ ಇದೆಲ್ಲ ಮಾಮೂಲು ಅಂತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಲಿವರ್ ಕಾಯಿಲೆ ಇದೆ ಅಂತ ಮೊದಲು ಹೇಳಿ.

ಪ್ರಶ್ನೆ: ಯಕ್ಷಗಾನ ಕಲಾವಿದ. ಹೆಪಟೈಟಿಸ್ ಸಿಗೆ ಮೊನ್ನೆಯಿಂದ 12 ವಾರದ ಮಾತ್ರೆ ಶುರುವಾಗಿದೆ. ತಿರುಗಾಟದಲ್ಲಿ ರಾತ್ರಿಯಿಡೀ ಎಚ್ಚರ, ಹಗಲು ನಿದ್ದೆ. ಊಟಕ್ಕೆ ಹೊತ್ತಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕಿಸೆಯಲ್ಲೇ ಇರುತ್ತದೆ. ಮಾತ್ರೆ ಕೆಲಸ ಮಾಡಲು ಏನು ಪಥ್ಯ ಮಾಡಬೇಕು?
— ಕುಂದಾಪುರ

ಉತ್ತರ: ನಿಮ್ಮದು ಈ ತಿಂಗಳ ಅತಿ ಸಂತೋಷದ ಪತ್ರ. ಹೆಪಟೈಟಿಸ್ ಸಿ ಈಗ ಪೂರ್ತಿ ಗುಣವಾಗುವ ಕಾಯಿಲೆ, ಮಾತ್ರೆ ತಪ್ಪದೆ ತಗೊಂಡರೆ 100ರಲ್ಲಿ 95ಕ್ಕೂ ಜಾಸ್ತಿ ಜನರಿಗೆ ವೈರಸ್ ಹೋಗುತ್ತದೆ. ಪಥ್ಯ ಮಾಡಿದರೆ ಅದು ಹೆಚ್ಚೂ ಆಗುವುದಿಲ್ಲ, ಕಮ್ಮಿಯೂ ಆಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ನುಂಗುವುದೇ ಪಥ್ಯ. ಹಗಲು ನಿದ್ದೆ ಮಾಡುವವರು ಎದ್ದ ಕೂಡಲೇ ಅಂತ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಅಲಾರಂ ಇಡಿ.

ಕಿಸೆಯ ಗ್ಯಾಸ್ಟ್ರಿಕ್ ಮಾತ್ರೆ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮ ಚೀಟಿಯಲ್ಲಿ ವೆಲ್ಪಟಾಸ್ವಿರ್ ಅನ್ನುವ ಹೆಸರು ಇದ್ದರೆ, ಆ ಔಷಧ ಮೈಗೆ ಹತ್ತಲು ಹೊಟ್ಟೆಯ ಹುಳಿ ಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥವು ಆ ಹುಳಿಯನ್ನೇ ಆರಿಸಿಬಿಡುತ್ತವೆ. (ಹೆಪಟೈಟಿಸ್ ಬಿಗೆ ಎಂಟೆಕಾವಿರ್ ತಗೊಳ್ಳುವವರಿಗೂ ಒಂದು ಮಾತು: ಅದನ್ನು ಖಾಲಿ ಹೊಟ್ಟೆಗೇ ನುಂಗಬೇಕು, ಊಟಕ್ಕೂ ಅದಕ್ಕೂ ಹಿಂದೆ ಮುಂದೆ ಎರಡು ಗಂಟೆ ಅಂತರ ಇರಲಿ.)

ಗ್ಯಾಸ್ಟ್ರಿಕ್ ಯಾಕೆ ಬರುತ್ತದೆ ಅಂತ ನಿಮಗೇ ಗೊತ್ತು. ನಡುರಾತ್ರಿ ಚೌಕಿಯಲ್ಲಿ ಖಾಲಿ ಹೊಟ್ಟೆಗೆ ಚಹಾ ಮೇಲೆ ಚಹಾ, ಜೊತೆಗೆ ಗೋಳಿಬಜೆ. ವೇಷ ಕಟ್ಟುವ ಮುಂಚೆ ಎರಡು ಇಡ್ಲಿಯೋ ಮೊಸರನ್ನವೋ ಹೊಟ್ಟೆಗೆ ಹೋಗಲಿ. ಚೌಕಿ ಅಂದಾಗ ನೆನಪಾಯಿತು, ಮುಖ ಬೋಳಿಸುವ ಬ್ಲೇಡು ನಿಮ್ಮದು ನಿಮಗೇ ಇರಲಿ, ಯಾರಿಗೂ ಕೊಡಬೇಡಿ, ಯಾರದ್ದನ್ನೂ ತಗೊಳ್ಳಬೇಡಿ. ಒಮ್ಮೆ ಗುಣವಾದವರಿಗೆ ಸಿ ಮತ್ತೆ ಬರಬಹುದು, ಅದಕ್ಕೆ ಲಸಿಕೆಯೂ ಇಲ್ಲ.

ಪ್ರಶ್ನೆ: ಕಾಫಿ ಲಿವರ್‌ಗೆ ಕೆಟ್ಟದ್ದು ಅಂತ ಮನೆಯಲ್ಲಿ ಬಿಡಿಸಿದ್ದಾರೆ. ಹೆಪಟೈಟಿಸ್ ಬಿ ಇದೆ. ಬೂಷ್ಟು ಹಿಡಿದ ಕೊಬ್ಬರಿ, ನೆಲಗಡಲೆ ತೊಳೆದು ಒಣಗಿಸಿ ಉಪಯೋಗಿಸಬಹುದಾ?
— ಪುತ್ತೂರು

ಉತ್ತರ: ಕಾಫಿ ಬಿಡಿಸಿ ಬೂಷ್ಟಿನ ನೆಲಗಡಲೆ ತಿನ್ನಿಸುತ್ತಿದ್ದಾರೆ ಅಂದರೆ ಎರಡೂ ತಲೆಕೆಳಗು. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು, ಲಿವರ್ ಕ್ಯಾನ್ಸರ್ ಬರುವುದು ಕಮ್ಮಿ ಅಂತ ಬೇರೆ ಬೇರೆ ದೇಶಗಳಲ್ಲಿ ಕಂಡಿದ್ದಾರೆ. ಅದು ಔಷಧ ಅಂತ ಕುಡಿಯಬೇಕಾಗಿಲ್ಲ, ಇಷ್ಟವಿದ್ದರೆ ಆರಾಮವಾಗಿ ಕುಡಿಯಿರಿ. ಸಕ್ಕರೆ ಕಮ್ಮಿ ಇರಲಿ. ವೈರಸ್ಸಿನ ಮೇಲೆ ಕೊಬ್ಬೂ ಸೇರಿದರೆ ಲಿವರ್‌ಗೆ ಎರಡು ಯಜಮಾನರಾದ ಹಾಗೆ.

ಬೂಷ್ಟಿನ ವಿಷಯ ಗಂಭೀರ. ನಮ್ಮ ಆಟಿ ತಿಂಗಳ ಮಳೆಗೆ ಯಾವುದಕ್ಕೆ ಬೂಷ್ಟು ಬರುವುದಿಲ್ಲ ಹೇಳಿ. ನೆಲಗಡಲೆ, ಜೋಳ, ಕೊಬ್ಬರಿ, ಒಣಮೆಣಸಿನ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಅದೊಂದೇ ಲಿವರ್ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. 1992ರಲ್ಲಿ ಪ್ರಕಟವಾದ ಶಾಂಘೈನ ಅಧ್ಯಯನದಲ್ಲಿ ಕಂಡದ್ದು ಇನ್ನೂ ಭಯಂಕರ. ಹೆಪಟೈಟಿಸ್ ಬಿಯೂ ಈ ವಿಷವೂ ಒಬ್ಬರಲ್ಲೇ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ತೊಳೆದರೆ ಹೋಗುವುದಿಲ್ಲ, ಬಿಸಿಲಿಗಿಟ್ಟರೆ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮಳೆಗಾಲಕ್ಕೆ ಐದು ಕಿಲೋ ತಂದಿಡುವ ಬದಲು ಕಾಲು ಕಿಲೋ ತನ್ನಿ, ಗಾಳಿ ಹೋಗದ ಡಬ್ಬಿಯಲ್ಲಿಡಿ. ಕಮಟು ಬಂದದ್ದು, ಹಸಿರು ಹಳದಿ ಪುಡಿ ಕಂಡದ್ದು ಎಸೆಯಿರಿ. ಎಸೆಯಲು ಮನಸ್ಸಾಗದೆ ದನಕ್ಕೂ ಹಾಕಬೇಡಿ, ಹಾಲಿನಲ್ಲಿ ತಿರುಗಿ ಮನೆಗೇ ಬರುತ್ತದೆ.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ, ಹೆಪಟೈಟಿಸ್ ಬಿ ಪಾಸಿಟಿವ್. ಮಗುವಿಗೆ ಬಾರದಿರಲು ಏನು ತಿನ್ನಬೇಕು? ಎದೆಹಾಲು ಕೊಡಬಾರದಂತೆ, ಹೌದಾ?
— ಸುರತ್ಕಲ್

ಉತ್ತರ: ತಿಂದು ತಡೆಯುವುದಲ್ಲ ತಂಗಿ, ಚುಚ್ಚಿಸಿ ತಡೆಯುವುದು. ಹುಟ್ಟಿದ 24 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಮತ್ತು ಇಮ್ಯುನೊಗ್ಲೋಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಎರಡೂ ಬೀಳಬೇಕು. ಹೆರಿಗೆಯ ಆಸ್ಪತ್ರೆಯಲ್ಲಿ ಅದು ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ, ನೋವು ಶುರುವಾದ ಮೇಲೆ ಹುಡುಕಾಟ ಬೇಡ. ನಿಮ್ಮ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಟೆಸ್ಟ್ ಆಗಿದೆಯಾ? ಜಾಸ್ತಿ ಇದ್ದರೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ ಕೊಡುತ್ತಾರೆ, ಈ ವಾರವೇ ವಿಚಾರಿಸಿ. ಎದೆಹಾಲು ಧಾರಾಳ ಕೊಡಿ. ಬಾಣಂತನದಲ್ಲಿ ಲೇಹ್ಯ, ಕಷಾಯ ಅಂತ ಬಂದದ್ದನ್ನೆಲ್ಲ ಡಾಕ್ಟರಿಗೆ ತೋರಿಸದೆ ತಗೊಳ್ಳಬೇಡಿ, ಊಟ ಮಾತ್ರ ಹೊಟ್ಟೆ ತುಂಬ ಮಾಡಿ.

ಪ್ರಶ್ನೆ: (ಒಂದೇ ಸಾಲಿನ ಕಾರ್ಡು, ಊರಿನ ಹೆಸರೂ ಇಲ್ಲ) ಹೆಪಟೈಟಿಸ್ ಇದ್ದವರಿಗೆ ಗುಳ್ಳ ನಂಜಂತೆ, ಹಲಸಿನ ಹಣ್ಣೂ ನಂಜಂತೆ. ಸೀಸನ್ ಮುಗಿಯುತ್ತಾ ಬಂತು, ಬೇಗ ಉತ್ತರಿಸಿ.

ಉತ್ತರ: ನಂಜು ವೈರಸ್‌ನಲ್ಲಿದೆ, ಮಟ್ಟುಗುಳ್ಳದಲ್ಲಿ ಇಲ್ಲ. ಗುಳ್ಳದ ಹುಳಿ ಮಾಡಿ ತಿನ್ನಿ. ಹಲಸಿನ ಹಣ್ಣು ನಾಲ್ಕೈದು ಸೊಳೆ, ಸಕ್ಕರೆ ಕಾಯಿಲೆ ಇದ್ದರೆ ಎರಡು. ಈ ಸಂಚಿಕೆ ಕೈಗೆ ಬರುವಷ್ಟರಲ್ಲಿ ಹಣ್ಣು ಮುಗಿದಿದ್ದರೆ ಕ್ಷಮಿಸಿ, ಪ್ರೆಸ್ಸಿನವರ ತಪ್ಪು.